ಗೆದ್ದವರು ನಾಯಕರ ಮನೆಗೆ ಹೋಗಬೇಕೆ?

ನನಗೆ ಮರೆವಿನ ಕಾಯಿಲೆ ಇಲ್ಲ. ಎಪ್ಪತ್ತಮೂರರ ವಯಸ್ಸಿನಲ್ಲಿ ಹೀಗೆಂದರೆ ಡಾಕ್ಟರು ಸಂತೋಷಪಡುತ್ತಾರೆ, ಮನೆಯವರು ಪಡುವುದಿಲ್ಲ. ನನ್ನ ಮದುವೆಯ ಎರಡನೇ ಪಂಕ್ತಿಗೆ ಹೋಳಿಗೆ ತಲುಪದಂತೆ ಮಾಡಿದವರು ಯಾರೆಂಬುದನ್ನು ಅವರ ಮೊಮ್ಮಕ್ಕಳ ಮುಖ ಕಂಡಾಗಲೂ ನೆನೆಯುವವನು ನಾನು. ಇಂಥ ಮನುಷ್ಯನನ್ನು ಕ್ರೀಡಾ ಸಂಘವೊಂದರ ಗೌರವ ಕಾರ್ಯದರ್ಶಿಯನ್ನಾಗಿ ಮಾಡಬಾರದು. ಚಾಮರಾಜಪೇಟೆಯ ನಮ್ಮ ಬಾಲ್ ಬ್ಯಾಡ್ಮಿಂಟನ್ ಸಂಘ ಇಪ್ಪತ್ತೆರಡು ವರ್ಷಗಳ ಹಿಂದೆ ಆ ತಪ್ಪು ಮಾಡಿತು, ಇನ್ನೂ ತಿದ್ದಿಕೊಂಡಿಲ್ಲ.

ನಮ್ಮ ಸಂಘದ ಐಶ್ವರ್ಯವೆಂದರೆ ಸರ್ಕಾರಿ ಮೈದಾನದ ಮೂಲೆಯಲ್ಲಿರುವ ಒಂದು ಮಣ್ಣಿನ ಅಂಕಣ. ಅದಕ್ಕೆ ಪ್ರತಿದಿನ ಬೆಳಿಗ್ಗೆ ನೀರು ಹಾಕಿ, ರೋಲರ್ ಎಳೆದು, ಸುಣ್ಣದ ಗೆರೆ ಹೊಡೆಯುವವನು ನಾನು. ಚಪ್ಪಲಿ, ಬೂಟು ಹಾಕಿಕೊಂಡು ಆ ಗೆರೆ ದಾಟುವಂತಿಲ್ಲ. ಸ್ವಂತ ಅಳಿಯನನ್ನೂ ನಾನು ಬರಿಗಾಲಲ್ಲಿ ನಿಲ್ಲಿಸಿದ್ದೇನೆ. ಹೀಗಿರುವಾಗ, ಕಳೆದ ವರ್ಷ ನಮ್ಮ ಕ್ಷೇತ್ರದ ನಾಯಕರ ಹುಟ್ಟುಹಬ್ಬಕ್ಕೆಂದು ಅವರ ಕಡೆಯವರು ಅದೇ ಅಂಕಣದ ಮೇಲೆ ಪೆಂಡಾಲ್ ಎಬ್ಬಿಸಿದರು. ಕಂಬಗಳಿಗಾಗಿ ತೋಡಿದ ಗುಂಡಿಗಳು ಹದಿನಾಲ್ಕು. ನಾನೇ ಎಣಿಸಿದೆ, ನಾನೇ ಮುಚ್ಚಿದೆ. ಆದರೆ ಮುಚ್ಚಿದ ಗುಂಡಿ ನೀರು ಬಿದ್ದಾಗಲೆಲ್ಲ ಕುಸಿಯುತ್ತದೆ. ಅದರಲ್ಲಿ ಕಾಲಿಟ್ಟು ನಮ್ಮ ಹುಡುಗಿಯೊಬ್ಬಳು ಪಾದ ಉಳುಕಿಸಿಕೊಂಡು ಎರಡು ತಿಂಗಳು ಕುಳಿತಳು. ನಾಯಕರಿಗೆ ಮೂರು ಪತ್ರ ಬರೆದೆ. ಒಂದಕ್ಕೂ ಉತ್ತರ ಬರಲಿಲ್ಲ.

ಈ ವರ್ಷ ಅದೇ ಅಂಕಣದಲ್ಲಿ ಬೆವರು ಸುರಿಸಿದ ನಮ್ಮ ಮಹಿಳಾ ತಂಡ ರಾಜ್ಯ ಚಾಂಪಿಯನ್ ಆಯಿತು. ಮರುದಿನವೇ ನಾಯಕರ ಆಪ್ತ ಮಹೇಶ ನಮ್ಮ ಮನೆಯ ಗೇಟಿನ ಬಳಿ ಪ್ರತ್ಯಕ್ಷನಾದ.

"ಸಾರ್, ಸಾಹೇಬ್ರು ತುಂಬಾ ಖುಷಿಯಾಗಿದಾರೆ. ಭಾನುವಾರ ಟೀಮ್ ಪೂರ್ತಿ ಮನೆಗೆ ಬಂದ್ಬಿಡಿ. ಗಾಡಿ ಕಳಿಸ್ತೀವಿ. ಕಪ್ ಮಾತ್ರ ಮರೀಬೇಡಿ."

"ನನ್ನ ಮೂರು ಪತ್ರ ತಲುಪಿದವೇ?"

"ಯಾವ ಪತ್ರ ಸಾರ್?"

ಅಷ್ಟು ಸಾಕಾಯಿತು. ಸೋತು ಬಂದ ವರ್ಷಗಳಲ್ಲಿ ಒಂದು ಲೋಟ ನೀರು ಕೊಡದವರು ಗೆದ್ದ ಕೂಡಲೇ ಕಾರು ಕಳುಹಿಸುವುದೇಕೆ? ಅಂಥ ಮನೆಯಲ್ಲಿ ಕಪ್ ಹಿಡಿದು ನಿಂತ ತಂಡ, ಗೋಡೆಗೆ ತೂಗುಹಾಕಿದ ಜಿಂಕೆಯ ತಲೆಯಂತೆ ಯಜಮಾನನ ಪ್ರತಾಪವನ್ನು ಸಾರುತ್ತದೆಯೇ ಹೊರತು ತನ್ನದನ್ನಲ್ಲ. ಇದು ನನ್ನ ಖಚಿತ ಅಭಿಪ್ರಾಯ. ಇದನ್ನೇ ವಿಸ್ತರಿಸಿ, ನಾಯಕರು ಹಿಂದೆ ನನಗೆ ನಮಸ್ಕಾರ ಹಿಂದಿರುಗಿಸದ ಎರಡು ಸಂದರ್ಭಗಳನ್ನೂ ಸೇರಿಸಿ, ನಾಲ್ಕು ಪುಟಗಳ ನಿರಾಕರಣ ಪತ್ರ ಸಿದ್ಧಪಡಿಸಿದೆ. ಸಂಜೆ ಅಂಕಣದ ಪಕ್ಕದಲ್ಲಿ ತಂಡದ ಮುಂದೆ ಓದಿದೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ತಂಡದ ನಾಯಕಿ ಭಾರತಿ, ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರು, ಬ್ಯಾಟಿನ ತಂತಿಗಳನ್ನು ಸರಿಪಡಿಸುತ್ತಾ ಹೇಳಿದಳು: "ಬರೋ ತಿಂಗಳು ನ್ಯಾಷನಲ್ಸ್ ಸಾರ್. ಅದರ ಹಿಂದಿನ ವಾರವೇ ಅವರ ಹುಟ್ಟುಹಬ್ಬ. ಇದನ್ನ ಓದಿದ್ರೆ ಹದಿನಾಲ್ಕಲ್ಲ, ನಲವತ್ತು ಗುಂಡಿ ತೋಡಿಸ್ತಾರೆ."

"ಹೋದ್ರೂ ಅಷ್ಟೇ ಕಣೇ," ಎಂದಳು ಪಾದ ಉಳುಕಿಸಿಕೊಂಡಿದ್ದ ರೇಖಾ. "ಫೋಟೋ ತೆಗೆಸ್ಕೊಂಡು, ಸರ್ಕಲ್‌ನಲ್ಲಿ ಬ್ಯಾನರ್ ಹಾಕಿ, ಆಮೇಲೆ ತೋಡಿಸ್ತಾರೆ."

"ಹಾಗಾದರೆ ನನ್ನ ಪತ್ರದಲ್ಲಿ ತಪ್ಪೇನಿದೆ?" ಎಂದೆ.

"ಗುಂಡಿ ವಿಷಯ ಮೂರು ಸಾಲಿದೆ ಸಾರ್. ಮಿಕ್ಕಿದ್ದೆಲ್ಲ ನಿಮ್ಮ ಕೋಪ. ನಾವು ಆಡಿದ್ದು ಅದಕ್ಕಲ್ಲ," ಎಂದಳು ಭಾರತಿ.

ಇಪ್ಪತ್ತೆರಡು ವರ್ಷಗಳಲ್ಲಿ ನನ್ನೆದುರು ಯಾರೂ ಹಾಗೆ ಮಾತಾಡಿರಲಿಲ್ಲ. ದಿನಾಂಕ ಗುರುತು ಹಾಕಿಕೊಂಡೆ. "ನೀನೇ ಬರಿಯಮ್ಮ," ಎಂದು ಪೆನ್ನು ಚಾಚಿದೆ. ಅವಳು ಬರೆದದ್ದು ಎರಡೇ ವಾಕ್ಯ: ತಮ್ಮ ಅಭಿನಂದನೆಯನ್ನು ನಾವು ಆಡುವ ಜಾಗದಲ್ಲೇ ಸ್ವೀಕರಿಸಲು ಇಷ್ಟಪಡುತ್ತೇವೆ. ಭಾನುವಾರ ಬೆಳಿಗ್ಗೆ ಏಳಕ್ಕೆ ದಯಮಾಡಿಸಿ. ಸಹಿ ಹಾಕುವ ಮೊದಲು ಆ ಎರಡು ವಾಕ್ಯಗಳನ್ನು ನಾಲ್ಕು ಸಲ ಓದಿದೆ. ವಯಸ್ಸಿನಿಂದ ಎಂದು ಅವರೆಲ್ಲ ತಿಳಿದಿರಲಿ.

ಮೂರು ದಿನ ಉತ್ತರವಿಲ್ಲ. ಭಾನುವಾರ ಬೆಳಿಗ್ಗೆ ಕಳವಳದಲ್ಲಿ ನಾನು ಅಂಕಣಕ್ಕೆ ಎರಡು ಸಲ ನೀರು ಹಾಕಿಬಿಟ್ಟೆ. ನೀರು ಇಂಗುವ ಮೊದಲೇ ಮೂರು ಕಾರುಗಳು ಬಂದು ನಿಂತವು. ಬಿಳಿಯ ಉಡುಪು, ಹೊಳೆಯುವ ಬೂಟು, ಹಿಂದೆ ಹತ್ತು ಹನ್ನೆರಡು ಜನ. ನಾಯಕರು ನೇರವಾಗಿ ಸುಣ್ಣದ ಗೆರೆಯತ್ತ ನಡೆದರು. ಅಳಿಯನಿಗೆ ಹೇಳಿದ ಮಾತು ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

"ಸಾರ್, ಶೂ ಬಿಟ್ಟು ಬನ್ನಿ," ಎಂದಳು ಭಾರತಿ.

"ಯಾರ ಹತ್ರ ಮಾತಾಡ್ತಿದೀಯಮ್ಮ?" ಎಂದು ಮಹೇಶ ಮುಂದೆ ಬಂದ.

"ಕೋರ್ಟ್‌ಗೆ ಬರೋರ ಹತ್ರ ಅಣ್ಣ. ನೀವೂ ಬಿಡಿ."

ನಾಯಕರು ಅವಳನ್ನೊಮ್ಮೆ, ಅವಳ ಕೈಯಲ್ಲಿದ್ದ ಕಪ್ ಅನ್ನೊಮ್ಮೆ ನೋಡಿದರು. ಬಳಿಕ ಮಹೇಶನ ಹೆಗಲಿಗೆ ಕೈ ಊರಿ, ಬೂಟು ಕಳಚಿ, ಕಾಲುಚೀಲವನ್ನೂ ತೆಗೆದು ಗೆರೆ ದಾಟಿದರು. ಐದನೇ ಹೆಜ್ಜೆಗೆ ಬಲಗಾಲು ಕಣಕಾಲಿನವರೆಗೆ ಹೂತುಹೋಯಿತು.

"ಏನಮ್ಮಾ ಇದು, ಇಲ್ಲಿ ಇಷ್ಟು ಮೆತ್ತಗಿದೆ?"

"ಹೋದ ವರ್ಷದ ನಿಮ್ಮ ಹುಟ್ಟುಹಬ್ಬ ಸಾರ್," ಎಂದಳು ರೇಖಾ. "ಇನ್ನೂ ಹದಿಮೂರು ಕಡೆ ಇದೆ."

ನಾಯಕರು ಕೆಸರಿನಿಂದ ಕಾಲು ಕಿತ್ತುಕೊಂಡು ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ನಕ್ಕರು. ಆಮೇಲಷ್ಟೇ ಉಳಿದವರು ನಕ್ಕರು. "ಈ ಸಲ ಇಲ್ಲಿ ಬೇಡ ಕಣಪ್ಪಾ ಮಹೇಶ," ಎಂದರು. ಫೋಟೋ ತೆಗೆದರು, ಹುಡುಗಿಯರು ನಡುವೆ, ನಾಯಕರು ಅಂಚಿನಲ್ಲಿ, ಬರಿಗಾಲಲ್ಲಿ. ಕರೆದರೆ ಹೋಗಬೇಕೋ ಬೇಡವೋ ಎಂದು ಈಗ ಯಾರಾದರೂ ಕೇಳಿದರೆ, ನೀವೇ ಕರೆಯಿರಿ ಎನ್ನುತ್ತೇನೆ. ಈ ವಿವೇಕ ನನ್ನದೇ ಎಂಬಂತೆ ಎರಡು ಸಭೆಗಳಲ್ಲಿ ಈಗಾಗಲೇ ಹೇಳಿಯೂ ಆಗಿದೆ.

ಆದರೂ ರಾಜಕಾರಣಿಯ ಮಾತು. ಹುಟ್ಟುಹಬ್ಬದ ದಿನ ಬೆಳಕು ಹರಿಯುತ್ತಲೇ ಮೈದಾನಕ್ಕೆ ಓಡಿದೆ. ಪೆಂಡಾಲ್ ಎರಡು ರಸ್ತೆಗಳಾಚೆ ಎದ್ದಿತ್ತು. ಅಂಕಣ ಸಪಾಟಾಗಿತ್ತು, ಹೊಸ ಗುಂಡಿ ಒಂದೂ ಇರಲಿಲ್ಲ. ನಂಬದೆ, ಬಗ್ಗಿ ಬಗ್ಗಿ ನಾಲ್ಕೂ ಮೂಲೆಗಳನ್ನು ಪರೀಕ್ಷಿಸಿದೆ.

"ಏನ್ ಹುಡುಕ್ತಿದೀರ ಸಾರ್?" ಅಭ್ಯಾಸಕ್ಕೆ ಬಂದ ಭಾರತಿ ಕೇಳಿದಳು.

"ಗೆರೆ ನೇರವಾಗಿದೆಯಾ ಅಂತ ನೋಡ್ತಿದ್ದೆ," ಎಂದೆ. ಗುಂಡಿಗಳ ಸಂಖ್ಯೆಗೆ ಮಾತ್ರ ಜಾಗ ಬಿಟ್ಟು, ಹಿಂದಿನ ಸಂಜೆಯೇ ಬರೆದು ಮುಗಿಸಿದ್ದ ಐದು ಪುಟಗಳ ಖಂಡನಾ ಪತ್ರ ನನ್ನ ಜೇಬಿನಲ್ಲಿತ್ತು.