ಅರೆ ಸಿಪಾಯಿಯ ತಂಗಿ

"ನಿಮ್ಮಣ್ಣ ಯಾರು, ತೋರಿಸಿ" ಎಂದು ಒಬ್ಬ ಹೆಂಗಸು ಕೇಳಿದಾಗ ನಾನು ನನ್ನ ಅಣ್ಣನನ್ನು ತೋರಿಸಲಿಲ್ಲ. ಅವನು ಕಣ್ಣೆದುರಿಗೇ ಇದ್ದ. ನನ್ನ ಕಣ್ಣೂ ಚೆನ್ನಾಗಿಯೇ ಕಾಣುತ್ತಿತ್ತು. ಅದನ್ನು ಬರೆದುಬಿಡೋಣ ಎಂದು ಕೂತಿದ್ದೇನೆ. ಮೂರನೇ ಕ್ಲಾಸಿಗೆ ತಮಿಳು ಶಾಲೆ ಬಿಟ್ಟವಳು, ಮನೆಮಾತಾದ ಕನ್ನಡದ ಅಕ್ಷರವನ್ನು ಮದುವೆಯಾದ ಮೇಲೆ ಅತ್ತೆಯಿಂದ ಕಲಿತವಳು, ಹೆಚ್ಚುಕಮ್ಮಿಯಾದರೆ ಹೊಂದಿಸಿಕೊಳ್ಳಿ.

ನಮ್ಮಣ್ಣ ವರ್ಷಕ್ಕೊಂದು ತಿಂಗಳು ದೇಶ ಕಾಯುತ್ತಿದ್ದ. ಉಳಿದ ಹನ್ನೊಂದು ತಿಂಗಳು ದೇಶ ತನ್ನ ಪಾಡು ತಾನೇ ನೋಡಿಕೊಳ್ಳಬೇಕಿತ್ತು. ಆಗ ಅಣ್ಣ ಕೊಯಮತ್ತೂರಿನ ಹತ್ತಿರದ ನಮ್ಮೂರು ಕರುಮತ್ತಂಪಟ್ಟಿಯಲ್ಲಿ ಸೀರೆ ನೇಯುತ್ತಿದ್ದ. ಸ್ವಾತಂತ್ರ್ಯ ಬಂದು ಕೆಲವು ವರ್ಷ ಕಳೆದಿತ್ತು. ಕಸುಬು ಬಿಡದೆ ಸೇರಬಹುದಾದ ಸೈನ್ಯವೊಂದನ್ನು ಸರ್ಕಾರ ಕಟ್ಟಿತ್ತು. ಕೊಯಮತ್ತೂರಿಗೆ ಸೀರೆ ಕೊಡಲು ಹೋದವನು ಸಂಜೆ ಸಿಪಾಯಿಯಾಗಿ ಮನೆಗೆ ಬಂದ.

"ಯುದ್ಧ ಬಂದರೆ ಏನೋ ಮಾಡ್ತೀಯ?" ಅಂದಳು ಅಮ್ಮ.

"ಹೇಳಿ ಕಳಿಸ್ತಾರಮ್ಮ."

"ಮಗ್ಗದಲ್ಲಿ ಅರ್ಧ ಸೀರೆ ಇದ್ದರೆ?"

ಅಣ್ಣ ನಿಜವಾಗಿಯೂ ಯೋಚಿಸಿದ. "ಮುಗಿಸಿ ಹೋಗ್ತೀನಿ" ಅಂದ.

ಸೈನ್ಯದವರು ಕೊಟ್ಟ ಖಾಕಿಗೆ ಗಂಜಿ ಹಾಕಬೇಕೆಂದು ಯಾರೋ ಹೇಳಿದ್ದರು. ಗಂಜಿಯ ವಿಷಯದಲ್ಲಿ ನೇಕಾರನಿಗೆ ಬುದ್ಧಿ ಹೇಳುವವರುಂಟೆ? ನಾವು ನೂಲಿಗೆ ಹಾಕುವ ಗಂಜಿಯನ್ನೇ ಅಣ್ಣ ಬಟ್ಟೆಗೆ ಬ್ರಷ್ಷಿನಲ್ಲಿ ಬಳಿದ. ಒಣಗಿದ ಮೇಲೆ ಚಡ್ಡಿ ಯಾವ ಆಸರೆಯೂ ಇಲ್ಲದೆ ಜಗಲಿಯ ಮೇಲೆ ತಾನೇ ನಿಂತಿತು. ಅಮ್ಮ ಅದಕ್ಕೆ ದಾರಿ ಬಿಟ್ಟು ಪಕ್ಕದಿಂದ ಹೋದಳು.

ಅವನು ನಡೆಯುವ ರೀತಿ ಇನ್ನೂ ದೊಡ್ಡ ಕಥೆ. ಗುಂಡಿ ಮಗ್ಗದಲ್ಲಿ ಕೂತವನು ಕಾಲನ್ನು ಗುಂಡಿಗೆ ಇಳಿಬಿಟ್ಟು ಎಡ ಬಲ ಎಂದು ಹಲಗೆ ತುಳಿಯಬೇಕು. ತುಳಿದಾಗಲೆಲ್ಲ ಬಲಗೈಯಲ್ಲಿ ಲಾಳಿಯ ಹಗ್ಗ ಎಳೆಯಬೇಕು. ಹುಡುಗುತನದಿಂದ ಮಾಡಿದ ಕೆಲಸ. ಹೀಗಾಗಿ ಮಾರ್ಚ್ ಎಂದ ಕೂಡಲೇ ಅಣ್ಣನ ಕಾಲು ನೆಲ ತುಳಿಯುತ್ತಿತ್ತು, ಬಲಗೈ ಎದೆಯ ಮುಂದೆ ಇಲ್ಲದ ಹಗ್ಗವನ್ನು ಚಕ್ ಎಂದು ಎಳೆಯುತ್ತಿತ್ತು. ಅಂಗಳದಲ್ಲಿ ಅವನು ಅಭ್ಯಾಸ ಮಾಡುವಾಗ ನಾನು, "ಅಣ್ಣಾ, ಎಷ್ಟು ಮೊಳ ಆಯ್ತು?" ಎಂದು ಕೂಗುತ್ತಿದ್ದೆ.

"ನಗು ಅಮ್ಮಣಿ, ನಗು" ಅನ್ನುತ್ತಿದ್ದ.

ಆ ಒಂದು ತಿಂಗಳ ಕ್ಯಾಂಪಿನಲ್ಲಿ ಮೊದಲ ವರ್ಷ ಅರೆ ಸಿಪಾಯಿಗಳು ಒಂದು ಕಡೆ, ವರ್ಷವಿಡೀ ಸೈನ್ಯದಲ್ಲಿರುವ ಪೂರಾ ಸಿಪಾಯಿಗಳು ಇನ್ನೊಂದು ಕಡೆ. ಎರಡನೇ ವರ್ಷ ಹೊಸ ಸಾಹೇಬರು ಬಂದು ಎಲ್ಲರನ್ನೂ ಬೆರೆಸಿದರು. ಗುಡಾರದಲ್ಲಿ ಒಬ್ಬ ಪೂರಾ, ಒಬ್ಬ ಅರೆ, ಮತ್ತೆ ಒಬ್ಬ ಪೂರಾ, ಹೀಗೆ ಮಲಗಬೇಕು. ಅಣ್ಣನ ಪಕ್ಕಕ್ಕೆ ಬಂದವನು ಮದುರೆ ಕಡೆಯವನು, ನಾಯಕ್ ದರ್ಜೆಯ ಪೂರಾ ಸಿಪಾಯಿ, ತುಂಬಾ ಎತ್ತರದವನು. ಅವನು ತನ್ನ ಹಾಸಿಗೆಗೂ ಅಣ್ಣನ ಹಾಸಿಗೆಗೂ ನಡುವೆ ಟ್ರಂಕನ್ನು ಅಡ್ಡ ಇಟ್ಟನಂತೆ.

"ಏನಪ್ಪಾ ನೇಕಾರ, ಯುದ್ಧಕ್ಕೆ ರಜಾ ಹಾಕಿ ಬರ್ತೀಯಾ?" ಎಂದು ಕೆಣಕಿದನಂತೆ.

"ಇಲ್ಲಣ್ಣೇ. ಮಗ್ಗಕ್ಕೆ ರಜಾ ಹಾಕಿ ಬರ್ತೀನಿ."

ನಾಯಕ್ ನಗಲಿಲ್ಲ. ಟ್ರಂಕೂ ಅಲ್ಲಾಡಲಿಲ್ಲ. ಇದನ್ನೆಲ್ಲ ಅಣ್ಣ ಒಂದು ಭಾನುವಾರ ಊರಿಗೆ ಬಂದಾಗ ನಗುನಗುತ್ತಲೇ ಹೇಳಿದ. ಆಮೇಲೆ ಅನ್ನ ಕಲಸುತ್ತಾ, "ಕ್ಯಾಂಪ್ ಮುಗಿಯೋ ದಿನ ಮೆರವಣಿಗೆ ಇದೆ. ಯಾರು ಪೂರಾ, ಯಾರು ಅರೆ ಅಂತ ನೋಡಿದವರಿಗೆ ಗೊತ್ತಾಗಬಾರದು ಅಂದಿದ್ದಾರೆ ಸಾಹೇಬರು. ನೀನು ಬಾ ಅಮ್ಮಣಿ. ನಮ್ಮವರು ಅಂತ ಒಬ್ಬರಾದರೂ ಇರಬೇಕು" ಅಂದ.

ಹೋದೆ. ಕೊಯಮತ್ತೂರಿನ ಬಯಲಿನಲ್ಲಿ ಪೂರಾ ಸಿಪಾಯಿಗಳ ಹೆಂಡತಿಯರು ಬೆಂಚಿನ ಮೇಲೆ ಕೂತಿದ್ದರು. ನನಗೂ ಜಾಗ ಕೊಟ್ಟರು. ಸಾಲುಗಳು ಬಂದವು. ಸಾಹೇಬರ ಮಾತು ನಿಜವಾಗಿತ್ತು, ಯಾರು ಯಾರೆಂದು ತಿಳಿಯುವಂತಿರಲಿಲ್ಲ. ಒಬ್ಬನನ್ನು ಬಿಟ್ಟು. ಆ ಒಬ್ಬ ಕಾಲು ಮಡಿಸಲು ಬಿಡದ ಗಂಜಿ ಚಡ್ಡಿಯಲ್ಲಿ, ಹೆಜ್ಜೆಗೊಮ್ಮೆ ಚಕ್ ಎಂದು ಹಗ್ಗ ಎಳೆಯುತ್ತಾ ಬರುತ್ತಿದ್ದ.

ಬೆಂಚಿನ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. "ಯಾರಮ್ಮಾ ಅದು, ಬಾವಿಯಿಂದ ನೀರು ಸೇದ್ತಾ ಬರ್ತಿರೋದು?"

ಪಕ್ಕದಲ್ಲಿದ್ದವಳು ನನ್ನ ಕಡೆ ತಿರುಗಿ ನಿಮ್ಮಣ್ಣ ಯಾರು ಎಂದು ಕೇಳಿದ್ದು ಆಗಲೇ. ನನ್ನ ಬೆರಳು ಎದ್ದಿತು. ಅಣ್ಣನನ್ನು ದಾಟಿ ಅವನ ಪಕ್ಕದ ಎತ್ತರದವನ ಮೇಲೆ ನಿಂತಿತು.

"ಅವರು ನಮ್ಮ ಯಜಮಾನರಲ್ಲವಾ?" ಅಂದಳು ಅವಳು.

ಮೆರವಣಿಗೆ ಮುಗಿದ ಮೇಲೆ ಅಣ್ಣ ನಾಯಕನನ್ನು ಕರೆದುಕೊಂಡು ಬಂದ. ನಾಯಕನ ಹೆಂಡತಿ ಒಮ್ಮೆ ನನ್ನನ್ನು, ಒಮ್ಮೆ ಅಣ್ಣನನ್ನು ನೋಡಿದಳು. ನಾನು ನೆಲ ನೋಡಿದೆ. ಅವಳು ಗಂಡನಿಗೆ ಹೇಳಿದ್ದು ಇಷ್ಟೇ: "ಈ ಹುಡುಗಿಗೆ ಅವಳ ಅಣ್ಣನ ಗುರುತೇ ಸಿಗಲಿಲ್ಲ. ನಿಮ್ಮನ್ನು ತೋರಿಸಿದಳು."

ಅಣ್ಣನ ಮುಖ ಅರಳಿತು. "ಕೇಳಿದಿರಾ ಅಣ್ಣೇ? ಒಡಹುಟ್ಟಿದವಳಿಗೇ ಗೊತ್ತಾಗಲಿಲ್ಲ!"

ನಾಯಕ್ ಗಟ್ಟಿಯಾಗಿ ನಕ್ಕು ಅವನ ಹೆಗಲ ಮೇಲೆ ಕೈ ಹಾಕಿದ. ಮರುವರ್ಷ ಟ್ರಂಕು ಗುಡಾರದ ಅಂಚಿಗೆ ಹೋಯಿತಂತೆ. ಸಾಹೇಬರ ಕೈಯಲ್ಲಿ ಆಗದ್ದು ನನ್ನ ಸುಳ್ಳಿನಿಂದ ಆಯಿತು.

ಅಣ್ಣ ಈ ಕಥೆಯನ್ನು ಬಸ್ಸಿನಲ್ಲಿ ಹೇಳಿದ, ಬೀದಿಯಲ್ಲಿ ಹೇಳಿದ, ನನ್ನನ್ನು ನೋಡಲು ಬಂದ ಗಂಡಿನವರಿಗೂ ಹೇಳಿದ. ನನಗೆ ಕಣ್ಣು ಮಂದವಿರಬಹುದೆಂದು ಅವರು ಎದ್ದು ಹೋದರು.

ಇನ್ನು ತಡೆಯಲಾಗಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಬೀದಿಯುದ್ದಕ್ಕೂ ಹಾಸಿನ ನೂಲು ಎಳೆದು ಕಟ್ಟಿದ್ದೆವು, ಗಂಜಿ ಬಳಿಯಲು. ಒಂದು ತುದಿಯಲ್ಲಿ ಅಣ್ಣ, ಇನ್ನೊಂದು ತುದಿಯಲ್ಲಿ ನಾನು. ಗಂಜಿ ಆರುವ ಮೊದಲು ಯಾರೂ ಜಾಗ ಬಿಡುವಂತಿಲ್ಲ. ಆದ್ದರಿಂದ ಕೂಗಿಯೇ ಹೇಳಬೇಕಾಯಿತು.

"ಅಣ್ಣಾ, ಅವತ್ತು ನನಗೆ ನಿನ್ನ ಗುರುತು ಸಿಕ್ಕಿತ್ತು."

ನಡುವೆ ಬ್ರಷ್ ಹಿಡಿದಿದ್ದ ನೆಂಟರೆಲ್ಲ ಕೈ ನಿಲ್ಲಿಸಿದರು. ಅಣ್ಣ ನಿಲ್ಲಿಸಲಿಲ್ಲ.

"ಗೊತ್ತು ಅಮ್ಮಣಿ. ನಿಮ್ಮ ಬೆಂಚಿನ ಹತ್ತಿರ ಬಂದಾಗ ಬಲಕ್ಕೆ ನೋಡಿ ಅಂತ ಹುಕುಂ ಆಗಿತ್ತಲ್ಲ. ನೋಡಿದೆ. ನಿನ್ನ ಬೆರಳು ಕಾಣಿಸ್ತು."

"ಮತ್ತೆ ಯಾಕೆ ಊರಿಗೆಲ್ಲಾ ಹಂಗೆ ಹೇಳ್ಕೊಂಡು ಬಂದೆ?"

ಅವನು ಒಂದು ಎಳೆ ತುಂಡಾಗಿದ್ದನ್ನು ಹುಡುಕಿ ಗಂಟು ಹಾಕಿದ. "ಹೇಳ್ತಾ ಹೇಳ್ತಾ ಒಂದು ದಿನ ನಾನೂ ನಂಬಿಬಿಡ್ತೀನಿ ಅಂದ್ಕೊಂಡೆ."

ಬೀದಿಗೆ ಬೀದಿಯೇ ಕೇಳುತ್ತಿತ್ತು. ಕೇಳಲಿ ಎಂದೇ ದನಿ ಎತ್ತಿದೆ.

"ತಪ್ಪಾಯ್ತು ಅಣ್ಣಾ. ನನಗೆ ನಾಚಿಕೆಯಾಗಿತ್ತು, ಅದಕ್ಕೇ ನಿನ್ನನ್ನ ತೋರಿಸಲಿಲ್ಲ. ತಪ್ಪಾಯ್ತು."