ಜಾಣ ಪೊರಕೆ ಗುಡಿಸಿಹಾಕಿದ ನನ್ನ ಅಕ್ಕನ ದನಿ

ಮಾನ್ಯ ಜಾಣ ಪೊರಕೆಯವರೇ,

ತೈವಾನಿನ ತೈನಾನ್ ನಗರದ ಹಳೆಯ ಕಾಲುವೆಯ ದಂಡೆಯ ನಿವಾಸಿಯೂ, ದಿನಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತ ಕಣ್ಣು ಸವೆಸಿ ನಿವೃತ್ತನಾದವನೂ ಆದ ಶ್ಯು ಕುಂಗ್-ಮಿಂಗ್ ಎಂಬ ನಾನು, ವಿಂಡೋಸ್ ಕಂಪ್ಯೂಟರುಗಳ ಕಸ ತೆಗೆದು ಅವುಗಳನ್ನು ಹಗುರಗೊಳಿಸುವ ಪುಣ್ಯಕಾರ್ಯದಲ್ಲಿ ತೊಡಗಿರುವ ತಮಗೆ ಸಕಲ ಗೌರವಗಳೊಂದಿಗೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ಇತ್ತ ಕಡೆ ನಾನೂ ನನ್ನ ಅಕ್ಕ ಶ್ಯು ಚಿನ್-ಲುವಾನಳೂ ಊಟ ನಿದ್ರೆಗಳ ಮಟ್ಟಿಗೆ ಕ್ಷೇಮ. ತಾವೂ, ಮೊನ್ನೆ ನಮ್ಮನ್ನು ಕೇಳದೆಯೇ ಬಂದು ಕೂತ ತಮ್ಮ ಹೊಸ ಆವೃತ್ತಿಯೂ ಕ್ಷೇಮವೆಂದು ನಂಬಿದ್ದೇನೆ. ಈ ಪತ್ರವನ್ನು ಖಾಸಗಿಯಾಗಿ ಕಳಿಸಬಹುದಿತ್ತು. ಆದರೆ ತಮ್ಮ ‘ಸಂಪರ್ಕಿಸಿ’ ಎಂಬ ಗುಂಡಿಯನ್ನು ಒತ್ತಿದಾಗಲೆಲ್ಲ ಅದು ‘ಪದೇ ಪದೇ ಕೇಳುವ ಪ್ರಶ್ನೆಗಳು’ ಎಂಬ ಪುಟಕ್ಕೆ ಕರೆದೊಯ್ಯುತ್ತದೆ. ನನ್ನ ಪ್ರಶ್ನೆಯನ್ನು ಬೇರೆ ಯಾರೂ ಪದೇ ಪದೇ ಕೇಳಿಲ್ಲವೆಂದು ಕಾಣುತ್ತದೆಯಾದ್ದರಿಂದ ಅನಿವಾರ್ಯವಾಗಿ ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಾನು ತಮ್ಮ ಕುಲದ ವೈರಿಯಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ವಿಂಡೋಸ್ ಎಂಬ ಆ ದೊಡ್ಡ ಮನೆಗೆ ಗೂಟ, ಚಿಲಕ, ಸೂರಿನ ಬುಟ್ಟಿಗಳಂತೆ ಒದಗಿಬರುವ ಸಣ್ಣಪುಟ್ಟ ತಂತ್ರಾಂಶಗಳ ಬಗ್ಗೆ ನನಗೆ ಮೊದಲಿನಿಂದ ಭಕ್ತಿ. ತಮ್ಮ ಬಂಧುವೊಬ್ಬರು ನಾನು ನಿನ್ನೆ ನಕಲು ಮಾಡಿಕೊಂಡ ಸಾಲನ್ನು ಇವತ್ತೂ ನೆನಪಿಟ್ಟುಕೊಂಡಿರುತ್ತಾರೆ, ನಾನೇ ಮರೆತಿರುತ್ತೇನೆ. ಇನ್ನೊಬ್ಬರು ಸಂಜೆಯಾಗುತ್ತಲೇ ಪರದೆಯ ಬೆಳಕನ್ನು ಎಣ್ಣೆದೀಪದ ಬಣ್ಣಕ್ಕೆ ಇಳಿಸಿ ನನ್ನ ಅಳಿದುಳಿದ ಕಣ್ಣನ್ನು ಕಾಯುತ್ತಾರೆ. ಮತ್ತೊಬ್ಬರು ನಾನು ಎರಡಕ್ಷರ ಒತ್ತುವಷ್ಟರಲ್ಲಿ ಫೈಲು ಹುಡುಕಿ ಕೈಗೆ ಕೊಡುತ್ತಾರೆ. ಇವರಲ್ಲೆಲ್ಲ ನಾನು ಹೆಚ್ಚು ಗೌರವಿಸುವುದು, ಕೀಲಿಮಣೆಯ ಒಂದೊಂದು ಗುಂಡಿಗೆ ಒಂದೊಂದು ಕೆಲಸ ಕಟ್ಟಿಕೊಡುವ ಆ ಬಡಪಾಯಿ ತಂತ್ರಾಂಶವನ್ನು. ಅದರ ಮೂಲಕವೇ ನನ್ನ ಅಕ್ಕ ಮಾತಾಡುತ್ತಿದ್ದಳು.

ಅಕ್ಕನಿಗೆ ಕಾಲುವೆಯ ಪಕ್ಕದಲ್ಲಿ ಹೂಮೀನಿನ ಗಂಜಿಯ ಅಂಗಡಿಯಿದೆ. ಜನ ಅಲ್ಲಿಗೆ ಅರ್ಧ ಗಂಜಿಗಾಗಿ, ಅರ್ಧ ಅವಳ ಬೈಗುಳಕ್ಕಾಗಿ ಬರುತ್ತಿದ್ದರು ಎಂದರೆ ಅವಳಿಗೆ ಬೇಸರವಾಗುವುದಿಲ್ಲ. ಕಳೆದ ವರ್ಷ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡು, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದು ವೈದ್ಯರು ಹೇಳಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: “ಹಾಗಾದ್ರೆ ದುಡ್ಡು ಕೊಡದೆ ಎದ್ದು ಹೋಗೋರ್ನ ಯಾರು ಕರೀತಾರೆ?” ಶಸ್ತ್ರಚಿಕಿತ್ಸೆಗೆ ಮುಂಚೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂರಿಸಿ, ಅವಳು ದಿನಾ ಆಡುವ ಮಾತುಗಳನ್ನೆಲ್ಲ ನಮ್ಮ ತೈವಾನಿ ಮಾತಿನಲ್ಲೇ ಧ್ವನಿಮುದ್ರಿಸಿಕೊಂಡೆ. “ಕೂತ್ಕೊಳ್ಳೋ, ನೀನು ನಿಂತ್ಕೊಂಡಿದ್ದೀಯ ಅಂತ ಗಂಜಿ ಬೇಗ ಬೇಯಲ್ಲ.” “ಮೀನಿನ ಹೊಟ್ಟೆ ಭಾಗ ಮುಗೀತು, ನೀನು ನಿನ್ನೇನೇ ಬರ್ಬೇಕಿತ್ತು.” “ಮೆಣಸಿನ ಪುಡಿ ಬೇಡ ಅನ್ನೋರಿಗೆ ಆಸ್ಪತ್ರೇಲಿ ಕೊಡ್ತಾರೆ ಗಂಜಿ, ಅಲ್ಲಿಗೆ ಹೋಗು.” ಕಾವ್‌ಸ್ಯುಂಗ್‌ನಲ್ಲಿರುವ ಅವಳ ಮಗಳು ಪಿ-ಯುನ್ ಭಾನುವಾರ ಫೋನು ಮಾಡಿದಾಗ ಹೇಳಲೆಂದೇ ಒಂದಿಷ್ಟು: “ಹೂಂ, ಉಂಡೆ. ನೀನು ಉಂಡ್ಯಾ? ಸುಳ್ಳು ಹೇಳ್ಬೇಡ.” ಒಂದೊಂದು ಮಾತಿಗೆ ಒಂದೊಂದು ಫೈಲು, ಒಂದೊಂದು ಫೈಲಿಗೆ ಒಂದೊಂದು ಗುಂಡಿ. ಎಲ್ಲದರ ಹೆಸರೂ ಕರಡು ತಿದ್ದುವವನ ಶಿಸ್ತಿನಿಂದ, ಶ್ಯು ಚಿನ್-ಲುವಾನ್ ಎಂಬ ಪೂರ್ಣ ನಾಮಧೇಯದಿಂದಲೇ ಶುರು. ಆಸ್ಪತ್ರೆಯಿಂದ ಬಂದವಳು ಗಲ್ಲಾದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಸೌಟು ಒಂದು ಕೈಯಲ್ಲಿ, ಗುಂಡಿ ಒಂದು ಕೈಯಲ್ಲಿ, ಮೊದಲಿನಂತೆಯೇ ಊರನ್ನು ಬೈದುಕೊಂಡಿದ್ದಳು.

ಲ್ಯಾಪ್‌ಟಾಪ್ ಹಳೆಯದು, ಬೈಗುಳ ತುಸು ತಡವಾಗಿ ಬರುತ್ತಿತ್ತು. ಗಿರಾಕಿ ಬಾಗಿಲು ದಾಟಿದ ಮೇಲೆ ಬೈಗುಳ ಕೇಳಿಸಿದರೆ ಇಬ್ಬರಿಗೂ ನಷ್ಟವೆಂದು, ‘ಒಂದೇ ಒತ್ತಿಗೆ ಹೊಸದಾಗಿಸಿ’ ಎಂಬ ತಮ್ಮ ವಾಗ್ದಾನವನ್ನು ಓದಿ ತಮ್ಮನ್ನು ಮನೆ ತುಂಬಿಸಿಕೊಂಡೆ. ತಾವಾದರೋ ಒಂದು ಒತ್ತಿಗೆ ಆಗಬಹುದಾದದ್ದಕ್ಕಿಂತ ಹೆಚ್ಚಿನದನ್ನೇ ಮಾಡಿ ತೋರಿಸಿದಿರಿ. ಚೆಲ್ಲಾಪಿಲ್ಲಿಯಾಗಿದ್ದ ಅಕ್ಕನ ಫೈಲುಗಳನ್ನು ಅಚ್ಚುಕಟ್ಟಾದ ಹೊಸ ಜಾಗಕ್ಕೆ ಸಾಗಿಸಿ, ಹಳೆಯ ಜಾಗವನ್ನು ತೊಳೆದು ಬಳಿದು, ‘ಅಭಿನಂದನೆಗಳು, ನಿಮ್ಮ ಕಂಪ್ಯೂಟರ್ ಈಗ ಹಗುರವಾಗಿದೆ’ ಎಂದು ಪಟಾಕಿಯ ಚಿತ್ರ ತೋರಿಸಿದಿರಿ. ಆ ಹೊಸ ಜಾಗ ಇರಲೇ ಇಲ್ಲ ಎಂಬ ಸಣ್ಣ ಕೊರತೆಯೊಂದನ್ನು ಬಿಟ್ಟರೆ ತಮ್ಮ ಕೆಲಸದಲ್ಲಿ ಹೆಸರಿಡುವಂಥದ್ದು ಏನೂ ಇಲ್ಲ.

ಕಾರಣ ತಮಗೆ ತಿಳಿಯದು, ನನಗೆ ತಿಳಿದಿದೆ. ಕಂಪ್ಯೂಟರುಗಳು ನಮ್ಮ ಲಿಪಿಯನ್ನು ಕಲಿತ ಹೊಸದರಲ್ಲಿ ಒಂದೊಂದು ಅಕ್ಷರವನ್ನೂ ಎರಡು ತುಂಡು ಮಾಡಿ ಬರೆದಿಟ್ಟುಕೊಳ್ಳುತ್ತಿದ್ದವು. ನಮ್ಮ ಮನೆತನದ ಹೆಸರಾದ ಶ್ಯು ಎಂಬ ಅಕ್ಷರದ ಎರಡನೆಯ ತುಂಡು ಒಂದು ಓರೆಗೆರೆ. ಓರೆಗೆರೆಯೆಂದರೆ ಕಂಪ್ಯೂಟರಿನ ಪಾಲಿಗೆ ಬಾಗಿಲು: ಅದರ ಹಿಂದಿರುವುದು ಕೋಣೆಯ ಹೆಸರು, ಮುಂದಿರುವುದು ಕೋಣೆಯೊಳಗಿನ ವಸ್ತು. ಹೀಗಾಗಿ ಶ್ಯು ಮನೆತನದವರು ಹೆಸರು ಹೇಳಿದೊಡನೆ ಯಂತ್ರವು ಇಲ್ಲದ ಕೋಣೆಯೊಂದರ ಬಾಗಿಲು ತೆರೆದು ನಮ್ಮನ್ನು ಒಳಗೆ ತಳ್ಳುತ್ತಿತ್ತು. ಸಾಧನೆ ಎಂಬ ಅರ್ಥ ಬರಲೆಂದು ಅಪ್ಪ ಆರಿಸಿಟ್ಟ ನನ್ನ ಕುಂಗ್ ಎಂಬ ಅಕ್ಷರಕ್ಕೂ ಇದೇ ಬಾಲವಿರುವುದರಿಂದ, ನಾನು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಬೀಳುತ್ತಿದ್ದೆ. ವಿಮೆಯ ಚೀಟಿ ನನಗೆ ಒಂದು ಪ್ರಶ್ನಾರ್ಥಕ ಚಿಹ್ನೆಯ ಹೆಸರಿನಲ್ಲಿ ಬರುತ್ತಿತ್ತು. ಕಂತು ಕಟ್ಟಬೇಕಾದವನು ನಾನೇ ಎಂಬುದರಲ್ಲಿ ಮಾತ್ರ ಯಾರಿಗೂ ಸಂಶಯವಿರಲಿಲ್ಲ. ಹೆಸರಿನ ಮುಂದೆ ಇನ್ನೊಂದು ಓರೆಗೆರೆ ಸೇರಿಸಿ ಬರೆಯಿರಿ, ಒಂದನ್ನು ಯಂತ್ರ ನುಂಗಿದರೂ ಒಂದು ಉಳಿಯುತ್ತದೆ ಎಂದು ಆ ಕಾಲದ ಜಾಣರು ಸಲಹೆ ಕೊಟ್ಟರು. ಬಹಳ ಕಾಲ ಹಾಗೆಯೇ, ಯಂತ್ರಕ್ಕೆ ನೈವೇದ್ಯವಿಟ್ಟು ಉಳಿದದ್ದನ್ನು ನಾನು ಹೆಸರಾಗಿ ಇಟ್ಟುಕೊಂಡೆ. ಆಮೇಲೆ ಲೋಕಕ್ಕೆಲ್ಲ ಹೊಸ ಸಂಕೇತ ಬಂತು, ಎಲ್ಲರೂ ಅದಕ್ಕೆ ಬದಲಾದರು, ಶ್ಯುಗಳಿಗೆ ಬಿಡುಗಡೆಯಾಯಿತು ಎಂದುಕೊಂಡಿದ್ದೆ. ತಾವೊಬ್ಬರು ಮಾತ್ರ ಪರಂಪರೆಯ ಮೇಲಿನ ಗೌರವದಿಂದ ಹಳೆಯ ಸಂಕೇತವನ್ನೇ ಹಿಡಿದು ಬಾಳುತ್ತಿದ್ದೀರೆಂದು ತಿಳಿದು ಹೃದಯ ತುಂಬಿ ಬಂದಿದೆ. ನಮ್ಮ ಮನೆತನ ಚೆನ್ ಆಗಿದ್ದರೆ, ಲಿನ್ ಆಗಿದ್ದರೆ, ಅಕ್ಕನ ದನಿ ಸುರಕ್ಷಿತವಾಗಿರುತ್ತಿತ್ತು. ಅವಳು ಶ್ಯು ಆಗಿ ಹುಟ್ಟಿದಳು.

ಮರುದಿನ ಬೆಳಗ್ಗೆ ಮೊದಲ ಗಿರಾಕಿ ಬಂದಾಗ ಅಕ್ಕ ಗುಂಡಿ ಒತ್ತಿದಳು. ಏನೂ ಕೇಳಿಸಲಿಲ್ಲ. ಇನ್ನೊಂದು ಒತ್ತಿದಳು. ಎಲ್ಲ ಗುಂಡಿಗಳನ್ನೂ ಒತ್ತಿದ ಮೇಲೆ ನನ್ನ ಕಡೆಗೆ ತಿರುಗಿ ನೋಡಿದಳು. ಬೇರೆ ದಾರಿಯಿಲ್ಲದೆ, ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೊಂದನ್ನು ಹಾಕಿಕೊಟ್ಟೆ. ಅದಕ್ಕೆ ಬರುವುದು ಸರಕಾರದ ಭಾಷೆಯಾದ ಮ್ಯಾಂಡರಿನ್ ಒಂದೇ, ಅದೂ ಬಸ್ಸಿನಲ್ಲಿ ಮುಂದಿನ ನಿಲ್ದಾಣ ಸಾರುವ ಹೆಣ್ಣುದನಿಯಲ್ಲಿ. ಅಕ್ಕ ಅದರಲ್ಲಿ ಮೊದಲು ಹೇಳಿಸಿದ ಮಾತು ನನ್ನನ್ನು ಕುರಿತದ್ದು: “ಕಂಪ್ಯೂಟರ್ ಮೇಲೆ ಹಸಿರು ಪೊಟ್ಟಣ ಇಡು ಅಂದಿದ್ದೆ. ನೀನು ಇಟ್ಟಿದ್ದು ಹಳದಿ. ಅದೂ ಅರ್ಧ ತಿಂದಿದ್ದು.” ಯಂತ್ರಗಳು ಕೆಡದಿರಲೆಂದು ನಾವು ಅವುಗಳ ತಲೆಯ ಮೇಲಿಡುವ ಜೋಳದ ಕುರುಕಲಿನ ಬಣ್ಣದ ಬಗ್ಗೆ ಅವಳಿಗಿರುವ ನಂಬಿಕೆಯನ್ನು ಅಲ್ಲಗಳೆಯುವಷ್ಟು ಧೈರ್ಯ ಈಗ ನನಗಿಲ್ಲ.

ಬೈಗುಳವನ್ನು ಆ ಸಭ್ಯ ದನಿಯಲ್ಲಿ ಕೇಳಿದ ಗಿರಾಕಿಗಳು ನೆಟ್ಟಗೆ ಕೂತು, ಸದ್ದು ಮಾಡದೆ ಉಣ್ಣತೊಡಗಿದರು. ಮೀನು ತಂದುಕೊಡುವ ಕುವೊ ಎರಡು ತುತ್ತಿಗೇ ಚಮಚ ಕೆಳಗಿಟ್ಟ. “ಏನು ಲುವಾನಕ್ಕ, ನನ್ನ ಮೇಲೆ ಏನಾದ್ರೂ ಮುನಿಸಾ? ಇಷ್ಟು ಮರ್ಯಾದೆ ಕೊಟ್ರೆ ಗಂಜಿ ಗಂಟಲಲ್ಲಿ ಇಳಿಯಲ್ಲ ಕಣಕ್ಕ.” ತಮ್ಮ ಗಮನಕ್ಕೆ ಇನ್ನೊಂದು ಸಂಗತಿ: ನನ್ನ ಅಕ್ಕ ಚಿಕ್ಕವಳಿದ್ದಾಗ ಶಾಲೆಯಲ್ಲಿ ತೈವಾನಿ ಮಾತಾಡಿದ್ದಕ್ಕೆ ಕೊರಳಿಗೆ ಹಲಗೆ ಕಟ್ಟಿ ನಿಲ್ಲಿಸಿದ್ದರು, ಆದರೂ ಅವಳು ಮ್ಯಾಂಡರಿನ್ ಆಡಲಿಲ್ಲ. ಅಂದಿನ ಮೇಷ್ಟರಿಂದ ಆಗದ ಕೆಲಸವನ್ನು ತಾವು ಒಂದು ಒತ್ತಿನಲ್ಲಿ ಮಾಡಿ ಮುಗಿಸಿದಿರಿ. ಆ ಮೇಷ್ಟರು ಈಗ ಬದುಕಿದ್ದರೆ ತಮಗೆ ಪ್ರಶಸ್ತಿಪತ್ರ ಬರೆದುಕೊಡುತ್ತಿದ್ದರು.

ಭಾನುವಾರ ಪಿ-ಯುನ್ ಫೋನು ಮಾಡಿದಳು. ಅಕ್ಕ ಬೆರಳುಗಳನ್ನು ಅವಸರದಿಂದ ಓಡಿಸಿ, “ನಾನು ನಿನ್ನ ತಾಯಿ, ನನ್ನ ಹಳೆಯ ದನಿ ಕಳೆದುಹೋಗಿದೆ” ಎಂದು ಬಸ್ಸಿನ ದನಿಯಲ್ಲಿ ಹೇಳಿಸಿದಳು. ದೂರವಾಣಿ ವಂಚಕರ ಬಗ್ಗೆ ಪ್ರತಿದಿನ ಎಚ್ಚರಿಕೆ ಕೇಳಿಸಿಕೊಳ್ಳುವ ನಮ್ಮ ದೇಶದಲ್ಲಿ ಇದಕ್ಕಿಂತ ಅನುಮಾನಾಸ್ಪದವಾದ ವಾಕ್ಯವನ್ನು ರಚಿಸುವುದು ಕಷ್ಟ. “ಯಾರ್ರೀ ನೀವು? ನಮ್ಮಮ್ಮನ ಫೋನು ನಿಮ್ಮ ಕೈಗೆ ಹೇಗೆ ಬಂತು?” ಎಂದು ಕೇಳಿ, ಪಿ-ಯುನ್ ಫೋನಿಟ್ಟು ಪೊಲೀಸರಿಗೆ ತಿಳಿಸಿದಳು. ಅವರು ಅಂಗಡಿಗೆ ಬಂದು ವಿಚಾರಿಸಿದಾಗ ಅಕ್ಕ ಗುಂಡಿ ಒತ್ತಲಿಲ್ಲ, ಏನೂ ಬರೆಯಲಿಲ್ಲ, ಗಂಜಿ ಮಾತ್ರ ಬಡಿಸಿದಳು. ಅಂದಿನಿಂದ ಲ್ಯಾಪ್‌ಟಾಪ್ ಮುಚ್ಚಿಟ್ಟು ಸೌಟಿನಿಂದ ಪಾತ್ರೆ ಬಡಿದು ಜನರನ್ನು ಕರೆಯತೊಡಗಿದಳು. ಮುಂದಿನ ಭಾನುವಾರ ಫೋನು ಬಡಿದುಕೊಂಡಿತು, ಅವಳು ಎತ್ತಲಿಲ್ಲ.

ಅಳಿಸಿಹೋದ ಫೈಲುಗಳನ್ನು ಮರಳಿ ತರುವ ತಂತ್ರಾಂಶಗಳೂ ತಮ್ಮ ಕುಲದಲ್ಲಿವೆ, ಅವುಗಳ ಕಾಲನ್ನೂ ಹಿಡಿದೆ. ಬೇರೆಯವರು ಅಳಿಸಿದ್ದರೆ ಮೂಲೆಯಲ್ಲಿ ಒಂದಿಷ್ಟು ಪುಡಿಯಾದರೂ ಉಳಿದಿರುತ್ತಿತ್ತು. ತಾವು ಅಳಿಸಿದ ಮೇಲೆ ಅದೇ ಜಾಗವನ್ನು ಶೂನ್ಯಗಳಿಂದ ಸಾರಿಸಿ ರಂಗೋಲಿ ಹಾಕುವವರಂತೆ. ಇಂಥ ನಿಷ್ಠೆಯಿಂದ ಕೆಲಸ ಮಾಡುವವರು ನಮ್ಮ ನಗರಪಾಲಿಕೆಯಲ್ಲಿದ್ದಿದ್ದರೆ ಕಾಲುವೆ ಇಷ್ಟು ನಾರುತ್ತಿರಲಿಲ್ಲ. ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆಗಳು ಹೀಗಿವೆ. ಇಲ್ಲದ ಆ ಕೋಣೆಯ ವಿಳಾಸವನ್ನು ದಯವಿಟ್ಟು ತಿಳಿಸುವುದು; ನಾವೇ ರೈಲು ಹತ್ತಿ ಬಂದು ಅಕ್ಕನ ದನಿಯನ್ನು ತೆಗೆದುಕೊಂಡು ಹೋಗುತ್ತೇವೆ. ಅದು ಸಾಧ್ಯವಾಗದಿದ್ದಲ್ಲಿ, ನಮ್ಮ ಪೂರ್ವಜರಿಗೆ ಪತ್ರ ಬರೆದು ಬೇರೆ ಹೆಸರು ಆರಿಸಿಕೊಳ್ಳುವಂತೆ ಅವರನ್ನು ಒಪ್ಪಿಸುವುದು. ಅದೂ ಆಗದಿದ್ದಲ್ಲಿ, ತಾವೇ ಒಮ್ಮೆ ಅಂಗಡಿಗೆ ಬಂದು, ಹೂಮೀನಿನ ಹೊಟ್ಟೆ ಭಾಗ ಮುಗಿದಿದೆ ಎಂದು ಕುವೊನಿಗೆ ಅವನ ಗಂಟಲಲ್ಲಿ ಗಂಜಿ ಇಳಿಯುವ ಹಾಗೆ ಹೇಳಿ ತೋರಿಸುವುದು.

ಈ ನಡುವೆ ನಡೆದದ್ದನ್ನು ತಮ್ಮಿಂದ ಮುಚ್ಚಿಡುವುದು ಧರ್ಮವಲ್ಲ. ಹುಡುಕುವ ತಂತ್ರಾಂಶಕ್ಕೆ ಹೆಸರನ್ನೇ ಕೊಡದೆ, ಕಂಪ್ಯೂಟರಿನಲ್ಲಿ ಸದ್ದು ಮಾಡುವಂಥದ್ದು ಏನೇ ಇದ್ದರೂ ತೋರಿಸು ಎಂದು ಕೇಳಿದೆ. ಒಂದು ಫೈಲು ಸಿಕ್ಕಿತು. ನಾವು ಅಕ್ಷರಗಳನ್ನು ಉಚ್ಚಾರಣೆ ಒತ್ತಿ ಬರೆಯುವವರು; ಶ್ಯು ಎಂದು ಒತ್ತಿದರೆ ಅಕ್ಷರಗಳ ಸಾಲೇ ಬಂದು ನಿಲ್ಲುತ್ತದೆ. ನಮ್ಮ ಶ್ಯುವನ್ನು ಸ್ವರ ತಗ್ಗಿಸಿ ಹೇಳಬೇಕು. ಸ್ವರ ಏರಿಸಿದರೆ ಅದು ಬೇರೆ ಮನೆತನ, ಬೇರೆ ಅಕ್ಷರ, ಬಾಲವಿಲ್ಲದ ಸುಖಿಗಳು. ಎಲ್ಲಕ್ಕಿಂತ ಮೊದಲು ಪರೀಕ್ಷೆಗೆಂದು ಮುದ್ರಿಸಿದ್ದ ಆ ಒಂದು ಫೈಲಿಗೆ ನನ್ನ ಬೆರಳು ಆ ಬೇರೆಯವರ ಹೆಸರನ್ನು ಆರಿಸಿಬಿಟ್ಟಿತ್ತು. ಆ ಹೆಸರಿಗೆ ಬಾಲವಿಲ್ಲದ್ದರಿಂದ ಅದು ತಮ್ಮ ಕೈಯಿಂದ ಪಾರಾಗಿತ್ತು. ಅದರಲ್ಲಿರುವುದು ಇಷ್ಟು: “ಏಯ್ ಕುಂಗ್-ಮಿಂಗ್, ಶುರು ಆಯ್ತೇನೋ ಇದು? ಕೆಂಪು ದೀಪ ಎಲ್ಲಿ? ಹುಟ್ಟಿದಾಗಿಂದ ಒಂದು ಕೆಲಸಾನಾದ್ರೂ ನೆಟ್ಟಗೆ ಮಾಡಿದೀಯಾ ನೀನು? ಸರಿ ಬಿಡು, ಅಳಬೇಡ. ಉಂಡ್ಕೊಂಡು ಹೋಗು, ಆರಿಹೋಗತ್ತೆ.”

ಅಕ್ಕ ಅದನ್ನು ಕೇಳಿಸಿಕೊಂಡು, ಕೀಲಿಮಣೆಯನ್ನು ತನ್ನ ಕಡೆ ಎಳೆದುಕೊಂಡು, ಎಲ್ಲ ಗುಂಡಿಗಳಿಗೂ ಅದೊಂದನ್ನೇ ಕಟ್ಟಿಸಿದಳು. ಈಗ ಅಂಗಡಿಗೆ ಯಾರೇ ಬರಲಿ, ವಿಚಾರಣೆಗೆ ಬಂದಿದ್ದ ಪೊಲೀಸನೇ ಬರಲಿ, ಹುಟ್ಟಿದಾಗಿನಿಂದ ಒಂದು ಕೆಲಸವನ್ನೂ ನೆಟ್ಟಗೆ ಮಾಡದ ಕುಂಗ್-ಮಿಂಗ್ ಆಗಿ ಕೂತು ಉಂಡು ಹೋಗುತ್ತಾನೆ. “ಆಯ್ತಕ್ಕ, ನಾನೇ ಕುಂಗ್-ಮಿಂಗ್, ದೊಡ್ಡ ಬಟ್ಟಲಲ್ಲಿ ಕೊಡು” ಎನ್ನುತ್ತಾನೆ ಕುವೊ. ಹೋದ ಭಾನುವಾರ ಫೋನು ಬಂದಾಗ ಅಕ್ಕ ಎತ್ತಿ, ಅದೇ ಗುಂಡಿ ಒತ್ತಿದಳು. ಅತ್ತ ಕಡೆಯಿಂದ ಪಿ-ಯುನ್, “ಉಂಡೆ ಅಮ್ಮ. ಸುಳ್ಳಲ್ಲ, ಈಗಷ್ಟೇ ಉಂಡೆ” ಎಂದಳು.

ಜೀವಮಾನವೆಲ್ಲ ಆ ಎರಡು ಶ್ಯುಗಳನ್ನು ಅದಲುಬದಲು ಮಾಡಿದವರ ಕರಡಿನ ಮೇಲೆ ಕೆಂಪು ಶಾಯಿ ಎಳೆದವನು ನಾನು. ಆ ಫೈಲಿನ ಹೆಸರನ್ನು ಮಾತ್ರ ತಿದ್ದಿಲ್ಲ, ತಿದ್ದುವುದೂ ಇಲ್ಲ. ನನ್ನ ಅಕ್ಕ ಇನ್ನು ಮುಂದೆ ಬೇರೆ ಮನೆತನದ ಹೆಸರಿನಲ್ಲಿಯೇ ಮಾತಾಡುತ್ತಾಳೆ.

ತಾವು ಓದಲಾರದ ಹೆಸರಿನ, ಆದರೂ ತಮ್ಮ ವಿಶ್ವಾಸಿಯೇ ಆದ,
ಶ್ಯು ಕುಂಗ್-ಮಿಂಗ್

ತಾ.ಕ.: ತಮ್ಮನ್ನು ತೆಗೆದುಹಾಕಲು ಹೋದಾಗ ಹೆಸರು ಕೇಳಿದಿರಿ, ಬರೆದೆ, ‘ಇಂಥ ಬಳಕೆದಾರರು ಇಲ್ಲ’ ಎಂದಿರಿ. ಇಲ್ಲದವನು ತಮ್ಮಂಥವರನ್ನು ಹೊರಹಾಕುವುದು ಉದ್ಧಟತನವಾದೀತೆಂದು, ಆ ಒಂದು ಫೈಲನ್ನು ಬೇರೆ ಕಂಪ್ಯೂಟರಿಗೆ ದಾಟಿಸಿ, ಹಳೆಯ ಲ್ಯಾಪ್‌ಟಾಪನ್ನು ತಮ್ಮ ಸಮೇತ ಮೀನು ಹೆರೆಯುವ ಮಣೆಯ ಗಿಡ್ಡ ಕಾಲಿನ ಕೆಳಗಿಟ್ಟಿದ್ದೇವೆ. ಮಣೆ ಅಲುಗಾಡುವುದು ನಿಂತಿದೆ. ನಿತ್ಯಜೀವನಕ್ಕೆ ಉಪಯುಕ್ತ ಎಂದು ತಮ್ಮ ಜಾಹೀರಾತಿನಲ್ಲಿ ಹೇಳಿದ್ದು ಸುಳ್ಳಲ್ಲ.