ಡ್ರೈಯರ್‌ಗೆ ಬಿದ್ದ ತೋಟಾಗಳು

ಇಡ್ಲಿ ತಟ್ಟೆಯ ಗುಳಿಗಳಲ್ಲಿ ಹಿತ್ತಾಳೆಯ ಖಾಲಿ ತೋಟಾಗಳು ಒಣಗುತ್ತಿದ್ದುದನ್ನು ಕಂಡ ಧೃತಿ ಗಂಡನಿಗೆ ಕಡ್ಡಿ ಮುರಿದಂತೆ ಹೇಳಿಬಿಟ್ಟಳು: “ರೀ, ಇನ್ನೊಂದ್ಸಲ ಇವು ನನ್ನ ಕಿಚನ್‌ಗೆ ಬಂದ್ರೆ ನಾನು ಈ ಮನೇಲಿರಲ್ಲ.”

ದಿವಾಕರನಿಗೆ ರೈಫಲ್ ಹುಚ್ಚು. ಶನಿವಾರ ಬೆಳಗಾದರೆ ಮಾನ್ಮತ್ ಜಂಕ್ಷನ್ ಊರಿನಾಚೆಯ ಶೂಟಿಂಗ್ ಕ್ಲಬ್ಬಿನಲ್ಲಿರುತ್ತಿದ್ದ. ಗುರಿ ತಾಗುತ್ತಿದ್ದುದು ಅಪರೂಪ. ಹಾರಿಸಿದ ಮೇಲೆ ಬಗ್ಗಿ ತೋಟಾ ಹೆಕ್ಕುವುದರಲ್ಲೇ ಅವನಿಗೆ ಖುಷಿ. ತೊಳೆದು, ಒಣಗಿಸಿ, ಮತ್ತೆ ಮದ್ದು, ಗುಂಡು ತುಂಬಿದರೆ ಅದೇ ತೋಟಾ ಹೊಸದಾಗುತ್ತದೆ. ಹುಲ್ಲಿಗೆ ಮೂಗು ತಾಗಿಸಿ ಹುಡುಕುವ ಅವನನ್ನು ನೋಡಿದರೆ ಮೂಗುತಿ ಕಳೆದುಕೊಂಡ ಮದುಮಗಳನ್ನು ನೋಡಿದ ಹಾಗಿರುತ್ತಿತ್ತು.

ಆ ಶನಿವಾರ ಹೆಂಡತಿಯ ಮಾತಿಗೆ ಹೆದರಿ, ತೊಳೆದ ತೋಟಾಗಳನ್ನು ದಿಂಬಿನ ಕವರಿನಲ್ಲಿ ಗಂಟು ಕಟ್ಟಿ, ಪ್ಲೇನ್ಸ್‌ಬರೋದ ತಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಒಯ್ದು ಬಟ್ಟೆ ಒಣಗಿಸುವ ಡ್ರೈಯರ್‌ಗೆ ಹಾಕಿದ. ಮೇಲೆ ಬಂದು ಕಾಫಿ ಲೋಟ ಎತ್ತಿಕೊಂಡಿದ್ದನಷ್ಟೆ, ಫೋನ್ ಕುಂಯ್ ಎಂದಿತು. ಕೆಳಮನೆಯ ಶೈಲಮ್ಮ ಬಿಲ್ಡಿಂಗ್ ಗ್ರೂಪಿಗೆ ಬರೆದಿದ್ದರು: “ಲಾಂಡ್ರಿ ರೂಮಲ್ಲಿ ಶೂಟಿಂಗ್. ಬಾಗಿಲು ಹಾಕ್ಕೊಳ್ಳಿ. ಪೊಲೀಸ್‌ಗೆ, 911ಗೆ ಕಾಲ್ ಮಾಡಿದೀನಿ.”

ಲೋಟ ಕೈಜಾರಿತು. ಗಂಡ ಹೆಂಡತಿ ಬಾತ್‌ರೂಮಿಗೆ ಓಡಿ ಟಬ್ಬಿನೊಳಗೆ ಮುದುಡಿ ಕುಳಿತರು.

“ನಿಮ್ಮ ರೈಫಲ್ ಇದ್ಯಲ್ರೀ, ತಗೊಂಡ್ಬನ್ನಿ!”

“ಗುಂಡಿಲ್ಲ ಕಣೇ. ಬೆಳಿಗ್ಗೆ ಎಲ್ಲಾ ಹೊಡೆದು ಮುಗಿಸ್ದೆ. ಖಾಲಿ ತೋಟಾಗಳು ಡ್ರೈಯರ್‌ನಲ್ಲಿ…”

ಧೃತಿ ತಿರುಗಿ ನೋಡಿದಳು. ಕೆಳಗಿನಿಂದ ರಟರಟರಟ ಸದ್ದು ಕೇಳಿಸುತ್ತಲೇ ಇತ್ತು.

“ರೀ,” ಎಂದಳು ಮೆಲ್ಲಗೆ, “ಗಂಟು ಸರಿಯಾಗಿ ಕಟ್ಟಿದ್ರಾ?”

ದಿವಾಕರ ಕೈ ಮೇಲೆತ್ತಿಕೊಂಡು ಮೆಟ್ಟಿಲಿಳಿದ. ಕೆಳಗೆ ನಿಂತಿದ್ದ ಪೊಲೀಸರ ಬಂದೂಕುಗಳು ನೆಟ್ಟಗೆ ಅವನ ಎದೆಗೇ ತಿರುಗಿದವು. ಅವುಗಳಲ್ಲಿ ಗುಂಡಿತ್ತು. ಒಬ್ಬ ಅವನನ್ನು ಮಕಾಡೆ ಮಲಗಿಸಿ ಬೆನ್ನ ಮೇಲೆ ಮಂಡಿಯೂರಿದ. ಇನ್ನೊಬ್ಬ ಡ್ರೈಯರ್ ನಿಲ್ಲಿಸಿ ಬಾಗಿಲು ತೆಗೆದ. ತೋಟಾಗಳು ಗಲಗಲನೆ ಸುರಿದು ದಿವಾಕರನ ಮೂಗಿನವರೆಗೂ ಉರುಳಿ ಬಂದವು. ಯಾರೂ ನಗಲಿಲ್ಲ. ಅವನು ಪ್ಯಾಂಟಿನಲ್ಲೇ ಉಚ್ಚೆ ಹೊಯ್ದುಕೊಂಡಿದ್ದ.

ಬಿಟ್ಟರೇನೋ ಬಿಟ್ಟರು. ವಿಚಾರಣೆ ಮುಗಿಯುವವರೆಗೆ ಅಂತ ರೈಫಲ್ಲನ್ನೂ ಲೈಸೆನ್ಸನ್ನೂ ಹೊತ್ತುಕೊಂಡು ಹೋದರು. ಮೇಲೆ ಬಂದ ದಿವಾಕರನನ್ನು ಕಂಡು ಎದುರುಮನೆಯ ರಾಹೀಲ್ ಮಗಳನ್ನು ಬೆನ್ನ ಹಿಂದೆ ಎಳೆದುಕೊಂಡು ಬಾಗಿಲು ಮುಚ್ಚಿಕೊಂಡ.

ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ಶೈಲಮ್ಮ, ಅವರ ಹಿಂದೆ ರಾಹೀಲ್, ಮೆಟ್ಟಿಲುದ್ದಕ್ಕೂ ಬಿಲ್ಡಿಂಗಿನವರು. ಮನೆ ಖಾಲಿ ಮಾಡಿಸಲು ಬಂದರು ಎಂದುಕೊಂಡ ದಿವಾಕರ ಕೈಮುಗಿದ.

“ತಪ್ಪಾಯ್ತು ಆಂಟಿ, ಎಲ್ಲರನ್ನೂ ಹೆದರಿಸಿಬಿಟ್ಟೆ.”

“ಅದೇ ಕಣಪ್ಪಾ,” ಎಂದರು ಶೈಲಮ್ಮ. “ಇವತ್ತು ನಿಜವಾಗ್ಲೂ ಯಾರಾದ್ರೂ ಬಂದಿದ್ರೆ? ಸುಮ್ನೆ ಮಂಚದಡಿ ಕೂತು ಸಾಯಬೇಕಿತ್ತು. ಬಂದೂಕಿನ ಲೈಸೆನ್ಸ್ ಹೇಗೆ ಮಾಡಿಸೋದು, ಹೇಳಿಕೊಡು.”

“ನಮಗೂ, ಭಾಯ್,” ಎಂದ ರಾಹೀಲ್.

ಬೇಸಿಗೆ ಮುಗಿಯುವ ಹೊತ್ತಿಗೆ ಒಬ್ಬೊಬ್ಬರಿಗೂ ಲೈಸೆನ್ಸ್ ಬಂತು. ದಿವಾಕರನ ವಿಚಾರಣೆ ಮಾತ್ರ ಮುಗಿದಿಲ್ಲ. ಈಗ ಬಿಲ್ಡಿಂಗಿನಲ್ಲಿ ಬಂದೂಕಿಲ್ಲದವನು ಅವನೊಬ್ಬನೇ. ಆಫೀಸಿನಿಂದ ಬರುವಾಗ ತಡವಾದರೆ, ಮೊದಲ ಮೆಟ್ಟಿಲಲ್ಲೇ ನಿಂತು ಗಟ್ಟಿಯಾಗಿ ಕೂಗಿಕೊಳ್ಳುತ್ತಾನೆ:

“ನಾನು ದಿವಾಕರ! ಮೇಲೆ ಬರ್ತಾ ಇದೀನಿ! ನಾನೇ, ದಿವಾಕರ!”